ಹಸಿರು ಚೀಟಿ ಯಾರಿಗೂ ಪುಕ್ಕಟೆ ಇಲ್ಲ

ರವಿವಾರ ನಸುಕಿನಲ್ಲಿ ಬೆಟಗೇರಿಯ ಗದಿಗೆವ್ವ ಅಂಗಳಕ್ಕೆ ನೀರು ಹೊಡೆಯಲು ಬಾಗಿಲು ತೆರೆದರೆ, ಮೆಟ್ಟಿಲಿಗೆ ಅಂಗೈಯಗಲದ ಕೆಂಪು ಚೀಟಿಯೊಂದು ಅಂಟಿತ್ತು. ಬಾಗಿಲಿಗೆ ಇನ್ನೊಂದು. ಕಿಟಕಿಗೆ ಒಂದು, ಗಟಾರದ ಮೇಲೆ ಕಟ್ಟಿಸಿದ ಕಟ್ಟೆಗೆ ಒಂದು. ಎದುರು ಮನೆಗೂ ಹಾಗೇ, ಅದರಾಚೆಯ ಮನೆಗೂ ಹಾಗೇ. ಇಡೀ ಓಣಿಗೆ ರಾತ್ರೋರಾತ್ರಿ ದಡಾರ ಎದ್ದಂತಿತ್ತು. ಚೀಟಿಯ ಮೇಲೆ ಇಂಗ್ಲಿಷಿನಂಥ ಅಕ್ಷರ. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆಯಂದಿರು ಬಂದು ಓದಿದರು, ಅರ್ಥವಾಗಲಿಲ್ಲ.

ಅರ್ಥ ಹೇಳಿದವನು ದರ್ಜಿ ಫಕೀರಸಾಬ. ಓಣಿಯ ಬಾಯಿಗೆ, ಸರಿಯಾಗಿ ಗಟಾರದ ನೆತ್ತಿಯ ಮೇಲೆ, ಅವನ ತಗಡಿನ ಡಬ್ಬಿ ಅಂಗಡಿ ಇತ್ತು. ಅದಕ್ಕೂ ಒಂದು ಕೆಂಪು ಚೀಟಿ ಬಿದ್ದಿತ್ತು.

“ಮುಗೀತು ಗದಿಗೆವ್ವಾ. ರೋಡ ಅಗಲ ಮಾಡಾಕ ಬಂದ್ರು. ಹೋದ ವರ್ಷ ಬಜಾರದಾಗ ಇದ ನಮೂನಿ ಕೆಂಪ ಗುರುತ ಹಾಕಿದ್ರು, ಎಂಟ ದಿನಕ್ಕ ಜೆಸಿಬಿ ಬಂತು.”

“ಅಲ್ಲಿ ನೋಡು, ಆ ನಳಕ್ಕ ಹಸರ ಐತಿ. ಬಾಜೂಕಿನವರ ಗ್ವಾಡಿಗೆ ಹಳದಿ.”

“ಕೆಂಪ ಅಂದ್ರ ಪೂರಾ ಕೆಡವತಾರ. ಹಳದಿ ಅಂದ್ರ ಅರ್ಧಾ. ಹಸರ ಅಂದ್ರ ಪಾರು. ಇಷ್ಟ ತಿಳೀದಿಲ್ಲೇನು?”

ಬೇರೆ ಓಣಿಯವರಾಗಿದ್ದರೆ ನಕ್ಕು ಚೀಟಿ ಕಿತ್ತೊಗೆಯುತ್ತಿದ್ದರು. ಈ ಓಣಿಯವರಿಗೆ ನಗು ಬರುವಂತಿರಲಿಲ್ಲ. ಇಲ್ಲಿ ಒಬ್ಬರು ಬಿಡದಂತೆ ಗಟಾರದ ಮೇಲೆ ಕಟ್ಟೆ ಕಟ್ಟಿಕೊಂಡಿದ್ದರು, ಕಟ್ಟೆಯ ಮುಂದೆ ಮೆಟ್ಟಿಲು ಇಳಿಸಿದ್ದರು, ಮೆಟ್ಟಿಲ ಮೇಲೆ ತಗಡು ಚಾಚಿದ್ದರು. ಇಂದಲ್ಲ ನಾಳೆ ಯಾರೋ ಬರುತ್ತಾರೆಂಬ ಅಳುಕು ಹತ್ತು ವರ್ಷದಿಂದ ಎಲ್ಲರ ಹೊಟ್ಟೆಯಲ್ಲೂ ಇತ್ತು. ಅದಕ್ಕೇ ಚೀಟಿ ಕೀಳಲು ಯಾರ ಕೈಯೂ ಮುಂದೆ ಬರಲಿಲ್ಲ.

ಈ ಅನಾಹುತಕ್ಕೆಲ್ಲ ಕಾರಣನಾದ ಪುಣ್ಯಾತ್ಮ ಆಗ ಗದಿಗೆವ್ವನ ಮನೆಯ ಮೇಲಿನ ಖೋಲಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಹೆಸರು ನಯಾಜ, ಊರು ಲಕ್ಷ್ಮೇಶ್ವರ. ಧಾರವಾಡದಲ್ಲಿ ಮೂರು ವರ್ಷ ಜರ್ಮನ್ ಕಲಿತು ಬಂದು, ಈ ಓಣಿಗೆ ಹತ್ತಿರದ ಖಾಸಗಿ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಅದನ್ನು ಕಲಿಸುತ್ತಿದ್ದ. ಶಾಲೆಯ ಅಧ್ಯಕ್ಷ ಚನ್ನಬಸವಣ್ಣ ಬೇಳೆ ಗಿರಣಿಯ ಸಾವುಕಾರ. ಹುಬ್ಬಳ್ಳಿಯ ಯಾವುದೋ ಶಾಲೆಯ ಬೋರ್ಡಿನಲ್ಲಿ ‘ಜರ್ಮನ್’ ಎಂದಿದ್ದನ್ನು ನೋಡಿ ತನ್ನ ಬೋರ್ಡಿಗೂ ಬರೆಸಿದ್ದ. ಬರೆಸಿದ ಮೇಲೆ ಕಲಿಸುವವನೊಬ್ಬ ಬೇಕಾಯಿತು. ಬಂದ ನಯಾಜ ಬೋರ್ಡಿಗೆ ಬೇಕಾದಷ್ಟು ಕಲಿಸಿ, ಸಂಬಳ ಎಣಿಸಿಕೊಂಡು ಸುಮ್ಮನಿರಬಹುದಿತ್ತು. ಖರೆ ಖರೆ ಕಲಿಸಲು ಹೊರಟ. ಅದೇ ಅವನ ತಪ್ಪು.

ಏನೇನು ಮಾಡಲಿಲ್ಲ ಅವನು! ಒಬ್ಬ ಒಂದು ಶಬ್ದ ಹೇಳಿದರೆ ಮುಂದಿನವನು ಅದನ್ನೂ ಸೇರಿಸಿ ಇನ್ನೊಂದು ಹೇಳುವ ಸರಪಳಿ ಆಟ ಆಡಿಸಿದ. ಗೋಡೆಗೆ ಹಚ್ಚಿದ ಸಾಲನ್ನು ಓಡಿಹೋಗಿ ಓದಿ, ಓಡಿಬಂದು ಗೆಳೆಯನಿಗೆ ಬರೆಸುವ ಆಟ ಆಡಿಸಿದ. ತಂಬೋಲಾ ಆಡಿಸಿದ. ಹನ್ನೆರಡು ಮಕ್ಕಳು ಬಹುಮಾನದ ಪೆಪ್ಪರಮೆಂಟು ನುಂಗಿದರು, ಶಬ್ದ ಉಗುಳಿದರು.

ಎಂಟು ತಿಂಗಳು ಕಳೆದ ಮೇಲೆ ಚನ್ನಬಸವಣ್ಣ ಅವನನ್ನು ಕರೆಸಿದ್ದ. “ಮಾಸ್ತರ, ಬರೋ ರವಿವಾರ ಸಂಜಿ ಐದಕ್ಕ ನಾನ ಖುದ್ದ ನೋಡ್ತೀನಿ. ಹುಡುಗರಿಗೆ ಬಂದಿತ್ತೋ, ಜರ್ಮನ್ ಇರ್ತೈತಿ. ಬರಲಿಲ್ಲೋ, ಬಂದ್. ನಿಮಗ ಶಾಲಿ ಬಸ್ಸಿನ ಉಸ್ತುವಾರಿ ಕೊಡ್ತೀನಿ, ಊಟಕ್ಕೇನೂ ಕಡಿಮಿ ಮಾಡೂದಿಲ್ಲ. ಆದ್ರ ನನಗ ಜರ್ಮನ್ ಬರೂದಿಲ್ಲ. ಹ್ಯಾಂಗ ತಿಳಕೊಳ್ಳಲಿ?”

“ಬಣ್ಣ ತಿಳೀತಾವಲ್ರಿ ಸಾವುಕಾರ್ರ?”

ಹಾಗೆ ಹುಟ್ಟಿತು ಚೀಟಿ. ಹನ್ನೆರಡೂ ಮಕ್ಕಳ ಮನೆ ಈ ಓಣಿಯಲ್ಲೇ. ಮನೆಯ ಒಳಗೆ ಹೊರಗೆ ಕಾಣುವ ವಸ್ತುಗಳಿಗೆ ಪುಸ್ತಕ ನೋಡಿ ಜರ್ಮನ್ ಹೆಸರು ಬರೆದು ಹಚ್ಚಬೇಕು. ನೋಡದೆ ಹೇಳಲು ಬಾರದಿದ್ದರೆ ಕೆಂಪು ಚೀಟಿ, ತಡವರಿಸಿದರೆ ಹಳದಿ, ನಿದ್ದೆಯಲ್ಲಿ ಕೇಳಿದರೂ ಹೇಳುವಂತಾದರೆ ಹಸಿರು. ಮಕ್ಕಳು ಶನಿವಾರ ಸಂಜೆ, ದೊಡ್ಡವರೆಲ್ಲ ಟಿವಿಯ ಮುಂದೆ ಕೂತಾಗ, ನೂರಾ ಹನ್ನೆರಡು ಚೀಟಿ ಹಚ್ಚಿದರು. ಮೂರು ಹಸಿರು, ಒಂಬತ್ತು ಹಳದಿ, ಉಳಿದವೆಲ್ಲ ಕೆಂಪು. ಮಕ್ಕಳು ಪ್ರಾಮಾಣಿಕರು ಎಂಬುದೊಂದೇ ನಯಾಜನಿಗೆ ಸಮಾಧಾನ.

ಎಂಟು ಗಂಟೆಗೆ ಓಣಿ ಅವನ ಖೋಲಿಗೆ ಏರಿ ಬಂತು. ಗದಿಗೆವ್ವನ ಮೊಮ್ಮಗಳು ಅಂಕಿತಾ ತನ್ನ ಜರ್ಮನ್ ಕ್ಲಾಸಿನ ಹೋಂವರ್ಕು ಇದು ಎಂದು ಬಾಯಿಬಿಟ್ಟಿದ್ದೇ ತಪ್ಪಾಗಿತ್ತು. ನಯಾಜ ಕಣ್ಣುಜ್ಜಿಕೊಂಡು ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದ. ಫಕೀರಸಾಬ ಅವನ ಟೇಬಲ್ಲಿನ ಮೇಲೆ ಮೂರು ಬಣ್ಣದ ಚೀಟಿಯ ಕಟ್ಟು ಕಂಡ.

“ನೋಡ್ರಿ, ಮಾಲು ಇಲ್ಲೇ ಐತಿ! ಇಂವ ನಗರಸಭಾದಂವ.”

“ಚಾಚಾ, ನಾ ಜರ್ಮನ್ ಮಾಸ್ತರ. ಎಂಟ ತಿಂಗಳಾತು, ನಿಮ್ಮ ಕಡೇನ ಪ್ಯಾಂಟ ಹೊಲಿಸೀನಿ.”

“ಬೆಟಗೇರ್ಯಾಗ ಜರ್ಮನ್ ಯಾರರ ಕಲಸ್ತಾರೇನೋ ಬೇಟಾ? ಸುಳ್ಳ ಹೇಳೂದಿದ್ರ ಒಂದೀಟ ನಂಬೂವಂಥಾದ್ದು ಹೇಳು.”

ಈ ಮಾತು ನಯಾಜನಿಗೆ ಎದೆಗೇ ನಾಟಿತು. ಎಂಟು ತಿಂಗಳು ಗಂಟಲು ಹರಿದುಕೊಂಡು ಕಲಿಸಿದ್ದು ಒಂದು ವೇಷ ಎಂದು ಓಣಿಗೆ ಓಣಿಯೇ ತೀರ್ಮಾನ ಮಾಡಿತ್ತು. ಅವನಿಗೆ ಅಳು ಬಂದಿತ್ತು, ಅದು ಸಿಟ್ಟಾಗಿ ಹೊರಬೀಳುವುದರಲ್ಲಿತ್ತು. ಅಷ್ಟರಲ್ಲಿ ಗದಿಗೆವ್ವ ಮೆತ್ತಗೆ ಮುಂದೆ ಬಂದಳು.

“ತಮ್ಮಾ, ಬಿಸಿ ರೊಟ್ಟಿ, ಎಣ್ಣಿಗಾಯಿ ಪಲ್ಲೆ ಮಾಡೀನಿ. ಉಂಡು, ನಮ್ಮ ಮೆಟ್ಟಲಕ್ಕ ಒಂದ ಹಸರ ಚೀಟಿ ಹಚ್ಚಿಬಿಡು. ಯಾರಿಗೂ ಹೇಳೂದಿಲ್ಲ.” ಯಾರಿಗೂ ಹೇಳದ ಈ ಮಾತನ್ನು ಓಣಿಯ ಮೂವತ್ತು ಮಂದಿ ಕೇಳಿಸಿಕೊಂಡರು.

“ನನಗೊಂದು. ಒಂದ ಶರ್ಟ ಪುಕ್ಕಟ ಹೊಲದ ಕೊಡ್ತೀನಿ,” ಎಂದ ಫಕೀರಸಾಬ.

“ಇಲ್ಲ.”

“ಎರಡು.”

“ಇಲ್ಲರಿ!” ನಯಾಜ ಮೇಲೆದ್ದು ನಿಂತ. “ಹತ್ತ ಹೊಲದ್ರೂ ಇಲ್ಲ. ಹಸರ ಚೀಟಿ ಯಾರಿಗೂ ಪುಕ್ಕಟ ಇಲ್ಲ. ನಿಮಗ ಹಸರ ಬೇಕಲ್ಲ? ನಿಮ್ಮ ಹುಡುಗರು ಬಂದು, ಚೀಟಿ ನೋಡದ, ಆ ವಸ್ತುವಿನ ಹೆಸರ ಮೂರ ಸಲ ಹೇಳಬೇಕು. ಅವಾಗ ಹಸರ. ಅಲ್ಲೀಮಟ ಸಾಕ್ಷಾತ್ ಜೆಸಿಬಿ ಬಂದ ನಿಂತ್ರೂ ಕೊಡೂದಿಲ್ಲ.”

“ಖೋಲಿ ಖಾಲಿ ಮಾಡಸ್ತೀನಿ ನೋಡು!” ಎಂದಳು ಗದಿಗೆವ್ವ.

“ಮಾಡಸ್ರಿ ಆಯಿ. ನಾ ಬೀದ್ಯಾಗ ಮಲಗತೀನಿ. ಆದ್ರ ನಿಮ್ಮ ಮೆಟ್ಟಲಾ ಕೆಂಪ ಇರ್ತಾವು.”

ಮುಂದೆ ನಡೆದದ್ದನ್ನು ಧಾರವಾಡದ ಅವನ ಗುರುಗಳು ಕಂಡಿದ್ದರೆ ಕಣ್ಣೀರು ಹಾಕುತ್ತಿದ್ದರು. ಒಂಬತ್ತು ಗಂಟೆಗೆಲ್ಲ ಓಣಿಯ ಕ್ರಿಕೆಟ್ಟು ನಿಂತಿತು. ಬ್ಯಾಟು ಅಟ್ಟಕ್ಕೆ ಹೋಯಿತು, ಮೊಬೈಲು ತಾಯಂದಿರ ಸೆರಗಿಗೆ ಹೋಯಿತು. ಹನ್ನೆರಡು ಮಕ್ಕಳು ಹನ್ನೆರಡು ಕಟ್ಟೆಯ ಮೇಲೆ ಕೂತು ಕಿರುಚತೊಡಗಿದರು. ಗದಿಗೆವ್ವ ರೊಟ್ಟಿ ಬಡಿಯುತ್ತ ಅಂಕಿತಾಳ ಮುಂದೆ ಕೂತಳು. ಒಂದು ಬಡಿತಕ್ಕೆ ಒಂದು ‘ಟ್ರೆಪ್ಪ’. ಹಾಗೆಂದರೆ ಮೆಟ್ಟಿಲು. ಹುಡುಗಿ ತಪ್ಪಿದರೆ ಮುದುಕಿಯೇ ತಿದ್ದುತ್ತಿದ್ದಳು. ರೊಟ್ಟಿ ಇಪ್ಪತ್ತಾಗುವ ಹೊತ್ತಿಗೆ ಅಜ್ಜಿಗೆ ಮೆಟ್ಟಿಲು, ಬಾಗಿಲು, ಕಿಟಕಿ, ಗೋಡೆ ನಾಲ್ಕೂ ಬಾಯಿಪಾಠವಾಗಿದ್ದವು.

ಎದುರು ಮನೆಯ ನೇಕಾರರು ಮಗ್ಗಕ್ಕೆ ಹಚ್ಚಿದ ಚೀಟಿಯ ‘ವೇಬ್‌ಶ್ಟೂಲ್’ ಎಂಬ ಹೆಸರನ್ನು ಎರಡು ತುಂಡು ಮಾಡಿ ಲಾಳಿಯ ತಾಳಕ್ಕೆ ಹೊಂದಿಸಿಕೊಂಡರು. ‘ವೇಬ್’ ಎಂದಾಗ ಲಾಳಿ ಆಚೆ, ‘ಶ್ಟೂಲ್’ ಎಂದಾಗ ಈಚೆ. ತರಗತಿಯಲ್ಲಿ ಸತ್ತುಹೋಗಿದ್ದ ಸರಪಳಿ ಆಟಕ್ಕೆ ಇಲ್ಲಿ ಜೀವ ಬಂತು: ಒಬ್ಬಾಕೆ ತನ್ನ ಕಟ್ಟೆಯಿಂದ ಕೂಗಿದ್ದನ್ನು ಪಕ್ಕದವಳು ಹಿಡಿದು ತನ್ನದೊಂದು ಸೇರಿಸಿ ಕೂಗುವಳು, ಯಾರ ಬಾಯಿಂದ ಜಾರಿತೋ ಆ ಮನೆಯವರಿಗೆ ಇಡೀ ಓಣಿಯ ಛೀಮಾರಿ.

ಮಕ್ಕಳಿಲ್ಲದ ಪೇಚು ಫಕೀರಸಾಬನೊಬ್ಬನದು. ಹನ್ನೊಂದರ ಸುಮಾರಿಗೆ ಅವನ ಡಬ್ಬಿ ಅಂಗಡಿಯ ಮೇಲೆ ಹಸಿರು ಚೀಟಿ ಕಂಡಿತು. ನಯಾಜ ಹತ್ತಿರ ಹೋಗಿ ಓದಿದ.

“ಚಾಚಾ, ಇದು ನಳದ ಚೀಟಿ. ಕಿತ್ತ ತಂದೀರಿ.”

“ಹಂಗಾದ್ರ ನನ್ನ ಅಂಗಡಿ ನಳಾನ ಅಂತ ಬರಕೋ. ನಿಂದೇನ ಹೋಗ್ತೈತಿ?”

“ನಿಮ್ಮ ಕೆಂಪ ಚೀಟ್ಯಾಗ ಇದ್ದದ್ದು ಹೊಲಿಗಿ ಮಶೀನು. ಅದಕ್ಕ ಏನಂತಾರ, ಹೇಳ್ರಿ. ದೊಡ್ಡವರಾದ್ರೂ ಅಡ್ಡಿ ಇಲ್ಲ. ನಿಮಗ ಹುಡುಗರಿಲ್ಲಂತ ಒಂದ ರಿಯಾಯಿತಿ.”

ಎಪ್ಪತ್ತು ದಾಟಿದ ಫಕೀರಸಾಬ ಟೇಪನ್ನು ಕೊರಳಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಯಾಜ ಹೇಳಿಕೊಟ್ಟ ಹೆಸರನ್ನು ಒಂದು ತಾಸು ಪೆಡಲು ತುಳಿಯುತ್ತ ಜಪ ಮಾಡಿದ. ನಂತರ ಎದ್ದು ಬಂದು ಮೂರು ಸಲ ಸರಿಯಾಗಿ ಒಪ್ಪಿಸಿದ. ನಯಾಜ ತಾನೇ ಹಸಿರು ಚೀಟಿ ಹಚ್ಚಿದ. ಎಂಟು ತಿಂಗಳಲ್ಲಿ ಅವನಿಂದ ಅಷ್ಟು ಮನಸ್ಸಿಟ್ಟು ಕಲಿತವರು ಯಾರೂ ಇರಲಿಲ್ಲ.

ಚೀಟಿ ಬದಲಿಸುವಾಗಲೆಲ್ಲ ನಯಾಜ ಹೇಳುತ್ತಲೇ ಇದ್ದ, “ಖರೇನ ಹೇಳ್ತೀನಿ, ಯಾರೂ ಏನೂ ಕೆಡವೂದಿಲ್ಲ.” ಅವರೂ ಕಣ್ಣು ಹೊಡೆದು ಹೇಳುತ್ತಲೇ ಇದ್ದರು, “ಹೌದೌದು, ನೀವು ಜರ್ಮನ್ ಮಾಸ್ತರ. ನಮಗ ಗೊತ್ತೈತಿ.”

ನಾಲ್ಕೂವರೆಗೆ ಓಣಿಯಲ್ಲಿ ಒಂದೂ ಕೆಂಪು ಉಳಿಯಲಿಲ್ಲ. ನೂರಾ ಹನ್ನೆರಡೂ ಹಸಿರು, ಒಂದೂ ಕಳ್ಳ ಹಸಿರಲ್ಲ. ನಯಾಜ ಮುಖ ತೊಳೆದು, ಇಸ್ತ್ರಿ ಶರ್ಟು ಹಾಕಿಕೊಂಡು ಓಣಿಯ ಬಾಯಲ್ಲಿ ನಿಂತ. ಬರಲಿ ಸಾವುಕಾರ, ನೋಡಲಿ ಎಂದುಕೊಂಡ.

ಐದಕ್ಕೆ ಸರಿಯಾಗಿ ಚನ್ನಬಸವಣ್ಣನ ಕಾರು ನಿಂತಿತು. ಶಾಲೆಯ ಅಧ್ಯಕ್ಷನ ಮುಖ ಯಾವತ್ತೂ ನೋಡಿರದ ಓಣಿಯವರು ಮೇಲಿನ ಸಾಹೇಬರೇ ಬಂದರೆಂದು ತಲೆಯ ಮೇಲೆ ಸೆರಗು ಹೊದ್ದು, ಟೊಪ್ಪಿಗೆ ಸರಿಮಾಡಿಕೊಂಡು ಸಾಲುಗಟ್ಟಿದರು. ಸಾವುಕಾರ ಕೋಲಿನಿಂದ ಮೆಟ್ಟಿಲು ತೋರಿಸಿದ. “ಟ್ರೆಪ್ಪ!” ಓಣಿಗೆ ಓಣಿಯೇ ಗುಡುಗಿತು. ಕಿಟಕಿ ತೋರಿಸಿದ. “ಫೆನ್ಸ್ಟರ್!” ಯಾರೂ ಕೇಳದಿದ್ದರೂ ಗದಿಗೆವ್ವ ಬಾಗಿಲಿನದನ್ನು ಸೇರಿಸಿ ಹೇಳಿ, ಕೈ ಮುಗಿದಳು.

ಚನ್ನಬಸವಣ್ಣ ಬೆರಗಾದ. “ಭಲೇ ಮಾಸ್ತರ! ಮುದುಕ್ಯಾರಿಗೂ ಕಲಿಸಿಬಿಟ್ಟೀರಲ್ಲ! ಎಷ್ಟ ದಿನದಾಗ ಕಲ್ತ್ರಿ ಅಜ್ಜಾ?”

ಫಕೀರಸಾಬ ಎದೆ ಉಬ್ಬಿಸಿದ. “ಎಲ್ಲಿ ದಿನಾರಿ ಸಾಹೇಬ್ರ! ಇವತ್ತ ಮುಂಜಾನಿ ಒಂಬತ್ತಕ್ಕ ಶುರು ಮಾಡಿದ್ವಿ, ನಾಕೂವರಿಗೆ ಮುಗಿಸಿದ್ವಿ. ಎಲ್ಲಾ ಹಸರ!”

ಸಾವುಕಾರನ ಮುಖದಲ್ಲಿ ಬೆರಗು ಹಾಗೇ ಇತ್ತು, ನಗು ಮಾತ್ರ ನಿಂತಿತು. ಗಿರಣಿಯಲ್ಲಿ ಬೇಳೆಯ ಮಾದರಿ ನೋಡುವವನಂತೆ ಅವನು ನಯಾಜನನ್ನು ನೋಡಿದ.

“ಒಂದ ದಿನದಾಗ?”

“ಸಾವುಕಾರ್ರ, ಅದು ಹಂಗಲ್ರಿ...”

“ಒಂದ ದಿನದಾಗ ಆಗೂ ಕೆಲಸಕ್ಕ ನೀವು ಎಂಟ ತಿಂಗಳಾ ಹಿಡದೀರಿ. ಆತ ಬಿಡ್ರಿ, ಆದದ್ದ ಆತು. ಜರ್ಮನ್ ಬಂದ್ ಮಾಡೂದಿಲ್ಲ, ಮಾತಂದ್ರ ಮಾತು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಇದ್ದಂಗ ವರ್ಷಕ್ಕೊಂದ ಜರ್ಮನ್ ದಿನ ಮಾಡೂಣು. ಬೋರ್ಡಿನ ಮ್ಯಾಲೂ ಇರಲಿ. ಉಳಿದ ದಿನ ನೀವು ಬಸ್ಸ ನೋಡ್ಕೊಳ್ರಿ. ನಾಳೆ ಆರಕ್ಕ ಬಸ್ಸ ಬಿಡ್ತೈತಿ.”

ನಯಾಜನಿಗೆ ತಡೆಯಲಾಗಲಿಲ್ಲ. “ಇವರು ಕಲ್ತದ್ದು ಹೆದರಿಕೀಲಿರಿ! ರೋಡ ಅಗಲ ಮಾಡಾಕ ಮನಿ ಕೆಡವತಾರಂತ ತಿಳದು ಕಲ್ತಾರು. ವರ್ಷಾ ವರ್ಷಾ ಓಣಿಗೆ ಜೆಸಿಬಿ ತರಸ್ತೀರೇನು?”

“ಯಾವ ರೋಡು? ಎಲ್ಲಿ ರೋಡು? ಅಂಥಾದ್ದೇನೂ ಇಲ್ಲ,” ಎಂದು ಚನ್ನಬಸವಣ್ಣ ಕಾರು ಹತ್ತಿದ.

ಬೆಳಿಗ್ಗೆ ಎಂಟರಿಂದ ನಯಾಜ ಬಾಯಿ ಒಣಗುವಂತೆ ಹೇಳಿದರೂ ನಂಬದ ಓಣಿ, ಸಾವುಕಾರನ ಈ ಒಂದು ಮಾತನ್ನು ತಕ್ಷಣ ನಂಬಿತು. ಪರ್ ಪರ್ ಎಂದು ಚೀಟಿ ಕೀಳುವ ಸದ್ದು ಎದ್ದಿತು.

“ಇದನ್ನ ಮುಂಜಾನೆನ ಹೇಳಾಕ ಏನ್ ಧಾಡಿ ಆಗಿತ್ತು ನಿನಗ?” ಎಂದ ಫಕೀರಸಾಬ.

“ಇಡೀ ದಿನಾ ನಮ್ಮನ್ನ ಒದರಿಸಿದೆಲ್ಲೋ! ನಾಳಿಂದ ನಿನ್ನ ರೊಟ್ಟಿ ನೀನ ಬಡಕೋ,” ಎಂದಳು ಗದಿಗೆವ್ವ.

ನಯಾಜ ಕಿತ್ತೊಗೆದ ಚೀಟಿಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡ. ಬಸ್ಸಾದರೆ ಬಸ್ಸು ಎಂದುಕೊಂಡ. ಬಸ್ಸಿನಲ್ಲೂ ಕೂಡುವವರು ಮಕ್ಕಳೇ ತಾನೆ?

ಸೋಮವಾರ ಯಳವತ್ತಿ, ಮಾಗಡಿ ಕಡೆಯ ಮಕ್ಕಳನ್ನು ತುಂಬಿಕೊಂಡು ಎಂಟೂವರೆಗೆ ಬರಬೇಕಿದ್ದ ಬಸ್ಸು ಒಂಬತ್ತೂವರೆಯಾದರೂ ಬರಲಿಲ್ಲ. ಚನ್ನಬಸವಣ್ಣನ ಫೋನು ಬಂತು. “ಏನ್ ಮಾಸ್ತರ, ಪ್ರಾರ್ಥನಿ ಮುಗದು ಅರ್ಧಾ ತಾಸಾತು! ಬಸ್ ಎಲ್ಲಿ ನಿಂತೈತಿ? ಯಾಕ ನಿಂತೈತಿ? ಯಾವಾಗ ಬರ್ತೈತಿ?”

ಬಸ್ಸು ಮಾಗಡಿ ಕೆರೆಯ ದಂಡೆಯ ಮೇಲೆ ನಿಂತಿದೆ. ಗಾಲಿಗೆ ಏನೆನ್ನುತ್ತಾರೆಂದು ಇನ್ನೂ ಇಬ್ಬರು ಹೇಳುವುದು ಬಾಕಿ ಇದೆ, ಹೇಳದೆ ಯಾರನ್ನೂ ಹತ್ತಿಸುವುದಿಲ್ಲ. ಅವರು ಹೇಳಿದ ಕೂಡಲೇ ಬಸ್ಸು ಹೊರಡುತ್ತದೆ. ನಯಾಜ ಮೂರು ಪ್ರಶ್ನೆಗೂ ಬಲು ವಿನಯದಿಂದ, ನಿಧಾನವಾಗಿ, ಒಂದೂ ತಪ್ಪಿಲ್ಲದೆ ಉತ್ತರ ಹೇಳಿದ, ಜರ್ಮನ್‌ನಲ್ಲಿ.