ಗಡಿಗೆಯೊಳಗಿನ ಮಂದೆ

ಮಂಜು, ಶಿಲ್ಪಾ, ನೀವಿಬ್ಬರೂ ಸೇರಿ ಒಂದು ಮಧ್ಯಾಹ್ನ ನಮ್ಮ ಕುರಿಮಂದೆಯಲ್ಲಿ ಅರ್ಧದಷ್ಟನ್ನು ತಿಂದು ಮುಗಿಸಿದ್ದು ನಿಮಗೆ ನೆನಪಿದೆಯೋ ಇಲ್ಲವೋ. ನಿಮ್ಮ ದೊಡ್ಡಜ್ಜಿಗಂತೂ ನೆನಪಿದೆ.

ದೊಡ್ಡಜ್ಜಿ ಎಂದರೆ ನಿಮ್ಮ ತಾತನ ಅಕ್ಕ, ಈ ಅಜ್ಜಿಗೆ ನಾದಿನಿ. ರಾಯದುರ್ಗದ ಸೀಮೆಯಲ್ಲಿ ಯಾರಿಗಾದರೂ ಚಿಂತೆ ಕಡಿಮೆಬಿದ್ದರೆ ಅವರ ಹತ್ತಿರ ಕಡ ತರಬಹುದು. ಮಳೆ ಬಂದರೆ ಮರಿಗಳು ಹೆಚ್ಚು ಹುಟ್ಟಿಬಿಡುತ್ತವಲ್ಲ ಎಂಬ ಚಿಂತೆ. ಮಳೆ ಹೋದರೆ ಹುಟ್ಟಿದವು ಉಳಿಯುತ್ತವೆಯೇ ಎಂಬ ಚಿಂತೆ.

ಕುರಿಗಳನ್ನು ಎಣಿಸಬಾರದು, ದೃಷ್ಟಿಯಾಗಿ ಕಡಿಮೆಯಾಗುತ್ತವೆ ಎಂಬುದು ನಮ್ಮ ಮನೆಯ ಕಟ್ಟಳೆ. ಎಣಿಸದೆ ಅವರಿಗೆ ನಿದ್ದೆ ಬರಬೇಕಲ್ಲ? ಅದಕ್ಕೆ ಕುರಿಗೊಂದರಂತೆ ಹುಣಸೆಬೀಜವನ್ನು ಗಡಿಗೆಯಲ್ಲಿ ಹಾಕಿಟ್ಟರು. ಮರಿ ಹುಟ್ಟಿದರೆ ಬೀಜ ಒಳಗೆ. ಸತ್ತರೆ ತಿಪ್ಪೆಗೆ. ಮಾರಿದರೆ ಕುರಿಯ ಜೊತೆ ಬೀಜವೂ ಕೊಂಡವನ ಕೈಗೆ. ನಾನು ಮಡಕಶಿರದ ಕಡೆಯಿಂದ ಮದುವೆಯಾಗಿ ಬಂದ ದಿನ, ತವರಿನವರು ಕೊಟ್ಟ ಕುರಿಯನ್ನು ನೋಡಿ, "ಇದರ ಬೀಜ ಎಲ್ಲಿ?" ಎಂದರು. ಮದುಮಗಳು ಸೆರಗಿನಲ್ಲಿ ಹುಣಸೆಬೀಜ ಕಟ್ಟಿಕೊಂಡು ಬರುತ್ತಾಳೆಯೇ?

ಬೀಜ ಗಡಿಗೆಯ ಕುತ್ತಿಗೆ ಮುಟ್ಟಿದರೆ ಇನ್ನು ಗುಡ್ಡದ ಮೇವು ಸಾಲದು ಎಂದು ಅರ್ಥ. ಆಗ ಒಂದಿಷ್ಟು ಕುರಿಗಳನ್ನು ಕಣೇಕಲ್ಲಿನ ನೆಂಟರ ಕೊಯ್ದ ಗದ್ದೆಗಳಿಗೆ ಸಾಗಿಸಬೇಕು. ಪಕ್ಕದ ಮನೆಯಾಕೆ ಒಮ್ಮೆ ನಕ್ಕು, "ದೊಡ್ಡ ಗಡಿಗಿ ತರ್ರಿ ಅಕ್ಕಾರ" ಎಂದಳು.

"ಗಡಿಗಿ ತರ್ತೀನವ್ವ. ಗುಡ್ಡ ಯಾವ ಸಂತ್ಯಾಗ ತರ್ಲಿ?"

ಆ ವರ್ಷ ಬೆಳುಗುಪ್ಪದ ಕಡೆ ಕುರಿಗಳಿಗೆ ಬಾಯಿಹುಣ್ಣಾಗಿ ಸಾಯುತ್ತಿವೆ ಎಂಬ ಸುದ್ದಿ ಬಂತು. ನಮಗೆ ಅನ್ನ ಇಳಿಯದಂತಾಯಿತು. ಒಂದು ಸಂಜೆ ದನದ ಡಾಕ್ಟರು ಬಂದು, ಬೆಳಿಗ್ಗೆ ಚುಚ್ಚುಮದ್ದು ತರುತ್ತೇನೆ ಎಂದರು.

"ಎಷ್ಟು ಕುರಿ ಇದಾವಮ್ಮ?"

"ದೊಡ್ಡಿ ತುಂಬ ಅದಾವ್ರಿ" ಎಂದರು ದೊಡ್ಡಜ್ಜಿ.

"ತುಂಬ ಅಂದ್ರೆ?"

"ಬಾಗಿಲು ಹಾಕಿದ್ರ ಬಾಗಿಲಿಗೆ ತಾಗ್ತಾವ್ರಿ."

"ಅಮ್ಮಾ, ಮದ್ದು ಕಮ್ಮಿ ಬಿದ್ರೆ ಉಳಿದ ಕುರಿಗೆ ಇಲ್ಲ. ಮತ್ತೆ ಯಾವಾಗ ಬರುತ್ತೋ ನಂಗೂ ಗೊತ್ತಿಲ್ಲ."

ದೊಡ್ಡಜ್ಜಿ ಠೀವಿಯಿಂದ, "ಗಡಿಗಿ ತಾ ತಂಗಿ. ಬೀಜ ಎಣಿಸಿದ್ರ ದೋಷ ಇಲ್ಲ" ಎಂದರು. ಎತ್ತಿದೆ. ಹಗುರವಾಗಿತ್ತು. ಹಿತ್ತಲಿನಿಂದ ಹುರಿದ ಹುಣಸೆಬೀಜದ ವಾಸನೆ, ಕಟಕಟ ಸದ್ದು. ನಿಮ್ಮಿಬ್ಬರ ಕೆನ್ನೆಗಳೂ ಉಬ್ಬಿದ್ದವು.

"ಯಾವ್ಯಾವ ಕುರಿ ತಿಂದ್ರಿ?" ಎಂದರು ದೊಡ್ಡಜ್ಜಿ. "ಬಿಳಿ ಕಿವೀದು ಉಳದದೇನು?"

"ಉಪ್ಪು ಹಾಕಿದ್ವಿ ಅಜ್ಜಿ" ಎಂದ ಮಂಜು.

ಅವರು ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಎಣಿಸುವುದಕ್ಕಿಂತ ಕೆಟ್ಟ ಶಕುನ ಇದು ಎಂದು ಅವರ ಮುಖವೇ ಹೇಳುತ್ತಿತ್ತು. ಅಷ್ಟರಲ್ಲಿ ನಿಮ್ಮಪ್ಪ ಮಂದೆ ಹೊಡೆದುಕೊಂಡು ಬಂದ. ದೊಡ್ಡಜ್ಜಿ ಉಳಿದ ಬೀಜಗಳನ್ನು ಮಡಿಲಿಗೆ ಸುರಿದುಕೊಂಡು, ಖಾಲಿ ಗಡಿಗೆಯನ್ನು ದೊಡ್ಡಿಯ ಬಾಗಿಲಲ್ಲಿಟ್ಟು ಕುಳಿತರು. ನಾನು ಒಳಗಿನಿಂದ ಇನ್ನಷ್ಟು ಬೀಜ ತಂದುಕೊಟ್ಟೆ. ಒಂದೊಂದು ಕುರಿಯ ಮುಖ ನೋಡುವುದು, ಒಂದು ಬೀಜ ಹಾಕುವುದು. ಎರಡು ಒಟ್ಟಿಗೆ ನುಗ್ಗಿದಾಗಲೆಲ್ಲ ನಾನು ಒಂದನ್ನು ತಡೆದು ಹಿಡಿಯುತ್ತಿದ್ದೆ. ಕಡೆಗೆ ಕುಂಟು ಕುರಿ ಬಂತು. ನಿಮ್ಮಪ್ಪ ಬಾಗಿಲು ಹಾಕಿದ.

ದೊಡ್ಡಜ್ಜಿ ಇನ್ನೊಂದು ಬೀಜ ಹಾಕಿದರು.

"ಅಕ್ಕಾ, ಕುರಿ ಎಲ್ಲಾ ಬಂದ್ವಲ್ಲ" ಎಂದೆ ಮೆಲ್ಲಗೆ.

"ಗೊತ್ತದ."

"ಮತ್ತೆ ಇದ್ಯಾರ್ದು?"

ಅವರು ಗುಡ್ಡದ ದಾರಿಯ ಕಡೆ ನೋಡುತ್ತಿದ್ದರು. "ನನ್ನ ತಮ್ಮಂದು. ಸಣ್ಣವ ಇದ್ದಾಗ ಮರಿಗಳ ನಡುವೆನೇ ಮಲಗತಿದ್ದ. ಅವನೂ ಒಂದು ಮರಿ ಅಂತ ಅವತ್ತ ಹಾಕಿದ್ದೆ. ಅವ ಹೋದ ದಿನ ತಿಪ್ಪಿಗೆ ಹಾಕಬೇಕಿತ್ತು. ಕೈ ಬರಲಿಲ್ಲ, ತಂಗಿ."

ಡಾಕ್ಟರು ಆ ಬೀಜಗಳನ್ನೇ ಎಣಿಸಿಕೊಂಡು ಹೋದರು. ಬೆಳಿಗ್ಗೆ ಎಲ್ಲ ಕುರಿಗಳಿಗೂ ಮದ್ದು ಸಿಕ್ಕಿತು. ಡಾಕ್ಟರು ಮಾತ್ರ, "ಬೀಜದ ಲೆಕ್ಕಕ್ಕೆ ಒಂದು ಕುರಿ ಕಮ್ಮಿ ಇದೆಯಲ್ಲಮ್ಮ" ಎಂದು ದೊಡ್ಡಿಯ ಮೂಲೆಮೂಲೆ ಹುಡುಕಿದರು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಗಡಿಗೆ ಈಗಲೂ ಅಟ್ಟದ ಮೇಲಿದೆ. ಹುಣಸೆಬೀಜ ತಿನ್ನುವ ಆಸೆಯಾದರೆ ನನ್ನನ್ನು ಕೇಳಿ, ಬೇರೆ ಹುರಿದುಕೊಡುತ್ತೇನೆ. ಅದರೊಳಗೆ ಕೈ ಹಾಕಬೇಡಿ, ನಿಮ್ಮ ತಾತ ಇದ್ದಾರೆ.