ಸೋಲಿಜಾನನ ಯಕೃತ್ತು, ಮುಹಯ್ಯೋಳ ಸಂದರ್ಶನ

ಕೊಕಂದ್‌ನ ಬಜಾರಿನಲ್ಲಿ ಟೋಪಿ ಅಂಗಡಿ ಇಟ್ಟಿದ್ದ ಸೋಲಿಜಾನನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ಒಂದು ಗಟ್ಟಿಯಾದ ಕಾಯಿಲೆಯನ್ನು ಬಿಟ್ಟು. ಆ ಕೊರತೆಯನ್ನು ಅವನು ಸ್ವಂತ ಪರಿಶ್ರಮದಿಂದ ತುಂಬಿಕೊಂಡಿದ್ದ. ಏಳುವಾಗ ಯಕೃತ್ತು, ಅಂಗಡಿ ಬಾಗಿಲು ತೆಗೆಯುವಾಗ ಬೆನ್ನುಹುರಿ, ಮಧ್ಯಾಹ್ನ ಪಲಾವ್ ಉಂಡ ಮೇಲೆ ಹೃದಯ. (ಪಲಾವ್ ಉಣ್ಣುವಾಗ ಮಾತ್ರ ಯಾವ ಅಂಗವೂ ತಕರಾರು ಮಾಡುತ್ತಿರಲಿಲ್ಲ.) ಇಷ್ಟು ವಿಶಾಲವಾದ ರೋಗಸಾಮ್ರಾಜ್ಯವನ್ನು ಮದುವೆಯಾದಂದಿನಿಂದ ಸಂಭಾಳಿಸಿಕೊಂಡು ಬಂದವಳು ಅವನ ಹೆಂಡತಿ ಮುಹಯ್ಯೋ.

ಕೊನೆಯ ಮಗಳ ಮದುವೆ ಮುಗಿದು ಮನೆ ಖಾಲಿಯಾದ ಮೇಲೆ, ಒಂದು ಸಂಜೆ ಅವಳು ಪಿಂಗಾಣಿ ಬಟ್ಟಲಿಗೆ ಹಸಿರು ಚಹಾ ಬಗ್ಗಿಸುತ್ತ, ಈ ವರ್ಷ ವೈದ್ಯಕೀಯದ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದಳು. ಸೋಲಿಜಾನ್ ನಕ್ಕ ಹೊಡೆತಕ್ಕೆ ಚಹಾ ಮೂಗಿಗೆ ಏರಿತು. ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಡಾಕ್ಟರಾಗುವ ಆಸೆ. ಮದುವೆ ಬಂತು, ಪುಸ್ತಕಗಳು ರಜಾಯಿಗಳ ಅಡಿಗೆ ಹೋದವು. ಈಗ ಯಾಕೆ, ಮೊಮ್ಮಕ್ಕಳು ಬರುವ ವಯಸ್ಸಿನಲ್ಲಿ, ಎಂದು ಅವನು ಕೇಳಿದ.

"ಇಷ್ಟು ವರ್ಷ ನಿಮ್ಮನ್ನೇ ನೋಡ್ಕೊಂಡು ಬಂದೆ, ದಾದಾಸಿ," ಎಂದಳು. ಮಕ್ಕಳಾದ ಮೇಲೆ ಅವಳು ಗಂಡನನ್ನು ಕರೆಯುತ್ತಿದ್ದುದೇ ಹಾಗೆ, ಮಕ್ಕಳ ಅಪ್ಪ ಎಂದು. "ಇನ್ನು ನಿಜವಾದ ರೋಗಿಗಳನ್ನೂ ಒಂದಿಷ್ಟು ನೋಡೋಣ ಅಂತ."

ಸೋಲಿಜಾನ್ ಇದನ್ನು ಮನಸ್ಸಿಗೆ ಹಚ್ಚಿಕೊಂಡ. (ಆ ರಾತ್ರಿ ಗುಲ್ಮವೂ ನೋಯಲಾರಂಭಿಸಿತು.)

ಪರೀಕ್ಷೆಯ ಫಲಿತಾಂಶ ಬಂತು. ಜೀವಶಾಸ್ತ್ರ ಕೈ ಹಿಡಿದಿತ್ತು, ಆದರೆ ರಸಾಯನಶಾಸ್ತ್ರದಲ್ಲಿ ರಸವೂ ಇಲ್ಲ, ಅಯನವೂ ಇಲ್ಲ. ಒಟ್ಟು ಅಂಕ ಹೊಸ್ತಿಲನ್ನು ಎಡವಿಕೊಂಡು ದಾಟಿತ್ತು. ಅರ್ಜಿ ಹಾಕಬಹುದಿತ್ತು, ಸೀಟು ಕೇಳುವುದಕ್ಕೆ ಮಾತ್ರ ನಾಚಿಕೆಯಾಗಬೇಕಿತ್ತು. ಮುಹಯ್ಯೋಗೆ ನಾಚಿಕೆಯಾಗಲಿಲ್ಲ. ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳು, ಮುಖ ತೊಳೆದಳು, ಫರ್ಗಾನಾದ ಹೊಸ ಖಾಸಗಿ ವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಅಂಕ ಕಡಿಮೆಯಾದವರನ್ನು ಅವರು ಸಂದರ್ಶನಕ್ಕಾದರೂ ಕರೆಯುತ್ತಿದ್ದರು.

ಗೆದ್ದೆನೆಂದು ಖಚಿತವಾದ ಗಂಡಸಿಗೆ ಬರುವ ಔದಾರ್ಯ ಸೋಲಿಜಾನನಿಗೆ ಬಂತು. ಹೆಸರಿನಲ್ಲೇ ಸೋಲಿಟ್ಟುಕೊಂಡವನು ಸಂದರ್ಶನದ ದಿನ ಹೊಸ ಟೋಪಿಯನ್ನೇ ಹಾಕಿಕೊಂಡ. ವಾಪಸ್ಸು ಬರುವಾಗ ಸಮಾಧಾನ ಹೇಳಲು ಜೊತೆಗೊಬ್ಬರು ಬೇಕಲ್ಲ ಎಂದು ತಾನೇ ಹೊರಟ. ದಾರಿಯುದ್ದಕ್ಕೂ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡ.

ಅವಳು ಒಳಗೆ ಹೋದಳು. ಸೆಕೆಗೆ ಬಾಗಿಲು ಅರ್ಧ ತೆರೆದೇ ಇತ್ತು. ಇವನು ಹೊರಗಿನ ಬೆಂಚಿನಲ್ಲಿ ಕುಳಿತು ಕಿವಿಯನ್ನು ಆ ಕಡೆಗೆ ಇಟ್ಟ. ಮೂಗಿನ ತುದಿಯಲ್ಲಿ ಕನ್ನಡಕ ನಿಲ್ಲಿಸಿಕೊಂಡಿದ್ದ ಹಿರಿಯ ಪ್ರಾಧ್ಯಾಪಕಿಯೊಬ್ಬರು, "ಅಂಕ ತುಂಬಾ ಕಡಿಮೆ ಇದೆಯಲ್ಲ, ತಂಗಿ," ಎಂದರು.

"ಕಡಿಮೆನೇ. ರಸಾಯನಶಾಸ್ತ್ರ ಈ ಸಲ ನನ್ನನ್ನ ಕೆಡವಿತು. ನಾನೂ ಬಿಡೋಳಲ್ಲ," ಎಂದಳು ಮುಹಯ್ಯೋ.

ಹೇಳಿದ ಮಾತು ಕೇಳದ ರೋಗಿ ಬಂದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಹೊರಗೆ ಸೋಲಿಜಾನ್ ಮೀಸೆಯಡಿಯಲ್ಲಿ ನಕ್ಕ. ಪುಸ್ತಕದಲ್ಲಿಲ್ಲದ ಪ್ರಶ್ನೆ.

ಮುಹಯ್ಯೋ ಹೇಳತೊಡಗಿದಳು. ಮನೆಯಲ್ಲಿ ಅಂಥವರೊಬ್ಬರಿದ್ದಾರೆ. ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಸುಳ್ಳು ಅನ್ನುವುದಿಲ್ಲ. ಆಮೇಲೆ ನಾಡಿ, ಕಣ್ಣು, ನಾಲಿಗೆ. ಏನೂ ಇಲ್ಲವೆಂದು ಕಂಡರೆ ತಾಷ್ಕೆಂಟಿನ ಹನಿ ಎಂದು ಒಂದು ಔಷಧಿ ಕೊಡುತ್ತೇನೆ. ತಾಷ್ಕೆಂಟಿನಲ್ಲಿ ಅಂಥದ್ದೇನೂ ಸಿಗುವುದಿಲ್ಲ, ಪುದೀನಾ ಕುದಿಸಿ ಸಕ್ಕರೆ ಹಾಕಿ ಹಳೆಯ ಬಾಟಲಿಗೆ ತುಂಬುತ್ತೇನೆ.

"ನಿಜವಾಗಿ ಕಾಯಿಲೆ ಬಂದಾಗ ಹೇಗೆ ಗೊತ್ತಾಗತ್ತೆ?"

"ಅವರು ನರಳಿದ್ರೆ ನಾನು ಹೆದರಲ್ಲ. ಸುಮ್ಮನಾದ್ರೆ ಹೆದರ್ತೀನಿ. ಒಂದು ಸಲ ಇಡೀ ಬೆಳಗ್ಗೆ ಮಾತೇ ಆಡ್ಲಿಲ್ಲ. ಎಳ್ಕೊಂಡು ಆಸ್ಪತ್ರೆಗೆ ಹೋದೆ. ಅಪೆಂಡಿಕ್ಸ್ ಒಡೆಯೋದರಲ್ಲಿತ್ತು."

ಈ ಕೊನೆಯ ಮಾತು ಸೋಲಿಜಾನನ ಕಿವಿಗೆ ಬೀಳಲೇ ಇಲ್ಲ. ಅವನ ತಲೆಯಲ್ಲಿ ಪುದೀನಾ ಕುದಿಯುತ್ತಿತ್ತು. ತಾಷ್ಕೆಂಟಿನ ಹನಿಯ ಮಹಿಮೆಯನ್ನು ಅವನು ಇಡೀ ಬಜಾರಿಗೆ ಸಾರಿದ್ದ. ಪಕ್ಕದ ಚಾಕು ಅಂಗಡಿಯವನಿಗೆ ಅರ್ಧ ಬಾಟಲಿ ಸಾಲವನ್ನೂ ಕೊಟ್ಟಿದ್ದ. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ. ತನಗಿರುವುದು ಘೋರ ವ್ಯಾಧಿ, ಆ ಹನಿಯಿಂದಲೇ ಈವರೆಗೆ ಉಸಿರಾಡುತ್ತಿರುವುದು, ಬೇಕಾದರೆ ಯಕೃತ್ತನ್ನು ಮುಟ್ಟಿ ನೋಡಿ ಎಂದು ಎಡಪಕ್ಕೆಯನ್ನು ಮುಂದೆ ಚಾಚಿದ.

"ಯಕೃತ್ತು ಆ ಕಡೆ ಇರಲ್ಲ, ಅಣ್ಣ," ಎಂದರು ಪ್ರಾಧ್ಯಾಪಕಿ.

"ನಂದು ಈ ಕಡೆನೇ ಇರೋದು."

ಮುಹಯ್ಯೋ ಎದ್ದು ಬಂದಳು. ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಮಣಿಕಟ್ಟು ಹಿಡಿದಳು. "ಮೆಲ್ಲಗೆ ಉಸಿರು ಬಿಡಿ, ದಾದಾಸಿ. ಬೆಳಗ್ಗೆಯಿಂದ ಏನು ತಿಂದ್ರಿ?"

"ಎರಡು ಸಮ್ಸಾ."

"ಎರಡೇ?"

"ನಾಲ್ಕು," ಎಂದು ಸೋಲಿಜಾನ್ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಅವಳ ಬೆರಳಡಿಯಲ್ಲಿ ಅವನ ನಾಡಿ ನಿಧಾನವಾಗಿ ದಾರಿಗೆ ಬಂತು. ಕೋಪ ಎಲ್ಲಿಗೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ.

ಪ್ರಾಧ್ಯಾಪಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು. "ರಸಾಯನಶಾಸ್ತ್ರ ಕಲಿಸೋಕೆ ನಮ್ಮಲ್ಲಿ ಜನ ಇದಾರೆ," ಎಂದರು. "ಇದನ್ನ ಕಲಿಸೋರು ಯಾರೂ ಇಲ್ಲ." ಬೇಸಿಗೆಯಲ್ಲಿ ರಸಾಯನಶಾಸ್ತ್ರದ ಹೆಚ್ಚುವರಿ ಪಾಠಕ್ಕೆ ಬಂದು ಪಾಸಾದರೆ ಸೀಟು ಖಂಡಿತ ಎಂದರು. ಮುಹಯ್ಯೋ ಗಂಡನ ಮಣಿಕಟ್ಟನ್ನು ಬಿಡಲು ಮರೆತು ಅಲ್ಲೇ ನಿಂತುಬಿಟ್ಟಳು. ದಾರಿಯಲ್ಲಿ ಜೋಡಿಸಿದ ಸಮಾಧಾನದ ಮಾತುಗಳೆಲ್ಲ ಸೋಲಿಜಾನನ ಬಳಿಯೇ ಉಳಿದವು. ವಾಪಸ್ಸು ಬರುವಾಗ ಅವನ್ನು ತನಗೇ ಹೇಳಿಕೊಂಡ.

ಅವಳು ಪಾಸಾದಳು. ಶರತ್ಕಾಲದಲ್ಲಿ ತರಗತಿಗಳು ಶುರುವಾದವು. ಹೆಂಡತಿಗೆ ಸೀಟು ಸಿಕ್ಕಿದ್ದು ತನ್ನಿಂದಲೇ ಎಂದು ಅವನು ಬಜಾರಿನಲ್ಲಿ ಹೇಳಿಕೊಂಡು ತಿರುಗಿದ. (ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.) ಆದರೆ ಮನೆಯಲ್ಲಿ ನರಳಾಟಕ್ಕೆ ಕಿವಿಗಳಿರಲಿಲ್ಲ. ಒಂದು ಭಾನುವಾರ ಅವನು ಎದೆ ಹಿಡಿದುಕೊಂಡು, ಹೃದಯ ಎಂದ. ಮುಹಯ್ಯೋ ಪುಸ್ತಕದಿಂದ ಕಣ್ಣೆತ್ತಿ, ಈ ತಿಂಗಳು ಎಲುಬುಗಳ ಪಾಠ, ಎಲುಬೇನಾದರೂ ನೋಯುತ್ತಿದೆಯೇ ಎಂದು ವಿಚಾರಿಸಿದಳು. ಅವನು ಆಸೆಯಿಂದ, ನೋಯುತ್ತಿದೆ, ಎಲ್ಲವೂ ಎಂದ.

ಮಧ್ಯಾಹ್ನ ಅವಳ ಸಹಪಾಠಿಗಳು, ಮೀಸೆ ಮೂಡದ ಹುಡುಗರೂ ಜಡೆ ಹೆಣೆದ ಹುಡುಗಿಯರೂ, ಅಂಗಳ ತುಂಬಿಕೊಂಡರು. ದ್ರಾಕ್ಷಿ ಚಪ್ಪರದಡಿಯ ಜಗಲಿಯಲ್ಲಿ ಸೋಲಿಜಾನನನ್ನು ಅಂಗಿ ಬಿಚ್ಚಿಸಿ ಮಲಗಿಸಿದರು. ಪೆನ್ಸಿಲಿನ ತುದಿಯಿಂದ ಒಂದೊಂದೇ ಎಲುಬನ್ನು ಮುಟ್ಟಿ ಹೆಸರು ಹೇಳಿದರು, ತಪ್ಪಿದರೆ ಮತ್ತೆ ಮೊದಲಿನಿಂದ. ಅವನು ಕಚಗುಳಿ ತಡೆಯಲಾರದೆ ನಕ್ಕು ಹೊರಳಾಡಿದ. ಕೊನೆಗೆ ಅವರೆಲ್ಲ ಸೇರಿ ವಿಚಾರ ವಿನಿಮಯ ಮಾಡಿ, ಇಷ್ಟು ಸೊಗಸಾದ, ದೋಷವಿಲ್ಲದ ಅಸ್ಥಿಪಂಜರವನ್ನು ತಾವು ಕಂಡೇ ಇಲ್ಲ ಎಂದು ಒಕ್ಕೊರಲಿನಿಂದ ತೀರ್ಪಿತ್ತರು.

ಅಷ್ಟು ಜನ ಡಾಕ್ಟರುಗಳ ಮಾತನ್ನು ತೆಗೆದುಹಾಕುವುದು ಹೇಗೆ? ಸೋಲಿಜಾನ್ ಅಂಗಿ ತೊಟ್ಟುಕೊಂಡ. ಮಕ್ಕಳಿಗೆಲ್ಲ ಹಸಿವಾಗಿದೆ, ಪಲಾವಿಗೆ ಕ್ಯಾರೆಟ್ ಹೆಚ್ಚಿಡಿ ಎಂದಳು ಮುಹಯ್ಯೋ, ಬೆನ್ನೆಲುಬಿನ ಪುಟದಿಂದ ತಲೆಯೆತ್ತದೆ. ಆರೋಗ್ಯವಂತನಾಗಿಬಿಟ್ಟ ಗಂಡ ಚಾಕು ಹುಡುಕಿಕೊಂಡು ಅಡುಗೆಮನೆಗೆ ಹೋದ.