ಶಾಂತಾಬಾಯಿಯ ಕಾರ್ಯವ್ಯಾಪ್ತಿ

ಅಧಿಕಾರ ಹೊಸದಾಗಿ ಕೈಗೆ ಬಂದ ಮನುಷ್ಯನಿಗೆ ಒಂದು ವಿಚಿತ್ರ ಸಂಕಟ ಶುರುವಾಗುತ್ತದೆ. ತಾನು ಹೇಳದೆಯೇ ಸರಿಯಾಗಿ ನಡೆಯುತ್ತಿರುವ ಕೆಲಸವನ್ನು ಅವನಿಂದ ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಕೆಟ್ಟು ನಿಂತ ಕೆಲಸವಾದರೆ ವಾಸಿ, ನಾಲ್ಕು ಜನರನ್ನು ಬೈದು ಸರಿ ಮಾಡಿಸಬಹುದು. ಚೆನ್ನಾಗಿ ನಡೆಯುತ್ತಿರುವುದನ್ನು ಏನು ಮಾಡುವುದು? ಅದಕ್ಕೂ ದಾರಿಯಿದೆ ಎಂದು ನನಗೆ ಗೊತ್ತಾದದ್ದು ಮುಖ್ಯಗುರುಗಳ ತರಬೇತಿಯಲ್ಲಿ.

ನಾನು ಆಳಂದ ತಾಲೂಕಿನ ಖಜೂರಿ ಕಡೆಯವನು. ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳನ್ನು ಎಣಿಸುತ್ತ ಲೆಕ್ಕ ಕಲಿತವನು. ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ ಹದಿನಾಲ್ಕು ವರ್ಷ ಸಹಶಿಕ್ಷಕನಾಗಿ ದುಡಿದು, ಬಂದ ಮುಖ್ಯಗುರುಗಳನ್ನೆಲ್ಲ ಮನಸ್ಸಿನೊಳಗೇ ಟೀಕಿಸಿ ಪಳಗಿದ ಮೇಲೆ ನನಗೇ ಬಡ್ತಿ ಬಂತು. ಅಫಜಲಪುರ ತಾಲೂಕಿನಲ್ಲಿ, ಗೊಬ್ಬೂರದಿಂದ ಒಳಗಿರುವ ಒಂದು ಹಳ್ಳಿಯ ಶಾಲೆ. ಹಳ್ಳಿಯ ಹೆಸರು ಬೇಡ. ತಪ್ಪು ನನ್ನದು, ಊರಿನದೇನಿಲ್ಲ. ಬಂದ ತಿಂಗಳಲ್ಲೇ ಜಿಲ್ಲಾ ಕೇಂದ್ರದಲ್ಲಿ ಮೂರು ದಿನದ ತರಬೇತಿ. ಪಾಠ ಹೇಳಲು ಬಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಬಲಗೈ ಎತ್ತಿ, ಯೋಜನೆ, ಸಂಘಟನೆ, ಸಿಬ್ಬಂದಿ ವ್ಯವಸ್ಥೆ, ನಿರ್ದೇಶನ, ನಿಯಂತ್ರಣ ಎಂದು ಒಂದೊಂದೇ ಬೆರಳು ಮಡಚಿದರು. ಐದೂ ಮಡಚಿದ ಮೇಲೆ ಮುಷ್ಟಿಯಾಯಿತು. ಶಾಲೆ ಹೀಗೆ ನಿಮ್ಮ ಮುಷ್ಟಿಯಲ್ಲಿರಬೇಕು ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನೂ ಎರಡು ಮೂರು ಸಲ ಬೆರಳು ಮಡಚಿ ನೋಡಿಕೊಂಡೆ. ಪಕ್ಕದ ಸೀಟಿನ ಮುದುಕ ಸ್ವಲ್ಪ ಸರಿದು ಕುಳಿತ.

ನಮ್ಮ ಶಾಲೆ ಆಗ ಹೇಗೆ ನಡೆಯುತ್ತಿತ್ತು ಎಂದರೆ, ಅದು ಯಾರ ಮುಷ್ಟಿಯಲ್ಲೂ ಇರಲಿಲ್ಲ. ಸಾವಿತ್ರಿ ಟೀಚರ್ ತಮಗೆ ಸರಿಕಂಡಂತೆ ಕನ್ನಡ ಕಲಿಸುತ್ತಿದ್ದರು, ಮಕ್ಕಳು ಕಲಿಯುತ್ತಿದ್ದರು. ಗಣಿತದ ಮೌಲಾಸಾಬ ಸರ್ ಯಾವ ತರಗತಿ ಖಾಲಿ ಕಂಡರೆ ಅಲ್ಲಿಗೆ ಹೋಗಿ ಮಗ್ಗಿ ಹೇಳಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಅವ್ಯವಸ್ಥೆ ಬಿಸಿಯೂಟದ ಶಾಂತಾಬಾಯಿಯದು. ಐವತ್ತರ ಆಸುಪಾಸಿನ ಹೆಂಗಸು, ಧ್ವನಿ ಮಾತ್ರ ಊರ ಮೂರು ಓಣಿಗೆ ಕೇಳುವಂಥದ್ದು. ಬೆಳಿಗ್ಗೆ ಮನೆಯಿಂದ ನೇರ ಅಡುಗೆಕೋಣೆಗೆ ಬರಬೇಕಾದವಳು ಓಣಿ ಓಣಿ ಸುತ್ತಿ ಬರುತ್ತಿದ್ದಳು. ಹಿಂದಿನ ದಿನ ಊಟದ ಸಾಲಿನಲ್ಲಿ ಯಾರು ಕಾಣಲಿಲ್ಲವೋ ಅವರ ಬಾಗಿಲಲ್ಲಿ ನಿಂತು, ಹುಡುಗಿ ಯಾಕೆ ಬಂದಿಲ್ಲ, ಜ್ವರವೋ ಕೆಲಸವೋ ಎಂದು ವಿಚಾರಿಸಿ, ಜ್ವರವಿಲ್ಲದಿದ್ದರೆ ಕೈಹಿಡಿದೇ ಕರೆತರುತ್ತಿದ್ದಳು. ಮಕ್ಕಳು ಅವಳನ್ನು ಶಾಂತಾಯಿ ಎನ್ನುತ್ತಿದ್ದರು. ಅವಳು ಶಾಲೆಗೆ ಬರುವಾಗ ಹಿಂದೆ ಆರೇಳು ಮಕ್ಕಳ ಮೆರವಣಿಗೆ. ಮುಖ್ಯಗುರುವಾದ ನಾನು ಬರುವಾಗ ಹಿಂದೆ ಒಂದು ನಾಯಿ.

ತರಬೇತಿಯಿಂದ ಬಂದ ವಾರದಲ್ಲೇ ನಾನು ಶಾಲೆಯನ್ನು ಹಿಡಿತಕ್ಕೆ ತೆಗೆದುಕೊಂಡೆ. ಯೋಜನೆ ಎಂದು ಗೋಡೆಯ ತುಂಬ ತಖ್ತೆ ಹಾಕಿಸಿದೆ. ಸಂಘಟನೆ ಎಂದು ಸಮಿತಿಗಳನ್ನು ರಚಿಸಿದೆ. ಶಿಕ್ಷಕರು ಐವರು, ಸಮಿತಿಗಳು ಒಂಬತ್ತು. ಮೌಲಾಸಾಬ ಸರ್ ನಾಲ್ಕರಲ್ಲಿ ಅಧ್ಯಕ್ಷರು, ಐದರಲ್ಲಿ ಸದಸ್ಯರು. ಒಮ್ಮೆ ಸ್ವಚ್ಛತಾ ಸಮಿತಿಯ ಅಧ್ಯಕ್ಷರಾಗಿ ನೀರಿನ ಸಮಿತಿಯ ಅಧ್ಯಕ್ಷರಿಗೆ, ಅಂದರೆ ತಮಗೇ, ಪತ್ರ ಬರೆದು, ಉತ್ತರ ಬಂದಿಲ್ಲವೆಂದು ನನ್ನ ಬಳಿ ದೂರು ಕೊಟ್ಟರು. ಅವರು ನಗುತ್ತಿರಲಿಲ್ಲವಾದ್ದರಿಂದ ನಾನೂ ಗಂಭೀರವಾಗಿಯೇ ಸ್ವೀಕರಿಸಿದೆ. ಇನ್ನು ಸಿಬ್ಬಂದಿ ವ್ಯವಸ್ಥೆ. ಪ್ರತಿಯೊಬ್ಬರ ಕಾರ್ಯವ್ಯಾಪ್ತಿಯನ್ನು ಕಾಗದದ ಮೇಲೆ ಬರೆದು ಸಹಿ ತೆಗೆದುಕೊಂಡೆ. ಶಾಂತಾಬಾಯಿಯ ಕಾಗದದಲ್ಲಿ, ಅಡುಗೆ ಸಿಬ್ಬಂದಿಯವರು ಒಂಬತ್ತು ಗಂಟೆಗೆ ನೇರವಾಗಿ ಅಡುಗೆಕೋಣೆಗೆ ಹಾಜರಾಗತಕ್ಕದ್ದು, ಮಕ್ಕಳ ಹಾಜರಾತಿ ಅವರ ಕಾರ್ಯವ್ಯಾಪ್ತಿಗೆ ಬರುವುದಿಲ್ಲ, ಅದನ್ನು ಹಾಜರಾತಿ ಸಮಿತಿ ನೋಡಿಕೊಳ್ಳುತ್ತದೆ ಎಂದು ಬರೆದಿದ್ದೆ. ಓದಿ ಹೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಸಹಿ ಹಾಕಿದಳು.

"ಸಮಿತಿಯವ್ರು ಓಣ್ಯಾಗ ಹೋಗ್ತಾರೇನ್ರಿ ಸರ?" ಎಂದು ಒಂದೇ ಮಾತು ಕೇಳಿದಳು.

ಸಮಿತಿ ಪ್ರತಿ ತಿಂಗಳ ಕೊನೆಯ ಶನಿವಾರ ಸಭೆ ಸೇರುತ್ತದೆ ಎಂದು ನಾನು ತಾಳ್ಮೆಯಿಂದ ವಿವರಿಸಿದೆ. ಅವಳು ಹೂಂ ಅಂದು ಬೇಳೆ ತೊಳೆಯಲು ಹೋದಳು.

ಶಾಲೆ ಎಷ್ಟು ಶಾಂತವಾಯಿತೆಂದರೆ ನನಗೇ ಹೆಮ್ಮೆ. ಹಾಜರಾತಿ ಇಳಿದದ್ದು ಆ ಶಾಂತಿಗೆ ಕಾರಣವಿರಬಹುದೆಂದು ಹೊಳೆಯಲಿಲ್ಲ. ಹತ್ತಿ ಬಿಡಿಸುವ ದಿನಗಳು. ಮಕ್ಕಳು ಒಬ್ಬೊಬ್ಬರಾಗಿ ತಾಯಂದಿರ ಜೊತೆ ಹೊಲಕ್ಕೆ ಜಾರುತ್ತಿದ್ದರು. ಸಮಿತಿ ಕೊನೆಯ ಶನಿವಾರ ಸೇರಿ ಕಳವಳ ವ್ಯಕ್ತಪಡಿಸಿತು. ನಡಾವಳಿ ಪುಸ್ತಕದಲ್ಲಿ ಆ ಕಳವಳ ಈಗಲೂ ಸುಂದರ ಅಕ್ಷರದಲ್ಲಿದೆ.

ಇದೇ ಹೊತ್ತಿಗೆ ಐದನೆಯ ತರಗತಿಯವರಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬಂತು. ಪಾಸಾದರೆ ಆರನೆಯ ತರಗತಿಯಿಂದ ಊಟ, ವಸತಿ, ಓದು ಎಲ್ಲ ಅಲ್ಲೇ. ನಮ್ಮಲ್ಲಿ ಹತ್ತು ಮಕ್ಕಳು ಅರ್ಜಿ ಹಾಕಿದ್ದರು. ಅವರಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಖಂಡಿತ ಗೆಲ್ಲುವವಳು. ಮೌಲಾಸಾಬ ಸರ್ ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುವಂಥವಳು. ಪರೀಕ್ಷೆ ಅಫಜಲಪುರದಲ್ಲಿ, ಮಧ್ಯಾಹ್ನ ಎರಡಕ್ಕೆ. ನಾನು ನಿರ್ದೇಶನವೆಂದು ಎರಡು ಪುಟದ ಸುತ್ತೋಲೆ ಹೊರಡಿಸಿ, ಟಂಟಂ ಆಟೊ ಗೊತ್ತು ಮಾಡಿ, ಪ್ರವೇಶಪತ್ರಗಳನ್ನು ಸಾವಿತ್ರಿ ಟೀಚರ್ ಕೈಗೆ ಕೊಟ್ಟಿದ್ದೆ. ಹೊರಡುವ ದಿನ ಹನ್ನೊಂದು ಗಂಟೆಗೆ ಎಣಿಸಿದರೆ ಒಂಬತ್ತೇ ಮಕ್ಕಳು. ಭಾಗ್ಯಶ್ರೀ ಇಲ್ಲ.

ಹಾಜರಾತಿ ವಹಿ ತೆಗೆದು ನೋಡಿದೆ. ಹನ್ನೊಂದು ದಿನದಿಂದ ಅವಳ ಹೆಸರಿನ ಮುಂದೆ ಗೈರುಹಾಜರಿ. ವಹಿಗೆ ಪ್ರತಿದಿನ ಕೆಳಗೆ ಸಹಿ ಹಾಕಿದವನು ನಾನೇ. ನಿಯಂತ್ರಣ ಎಂದರೆ ಸಹಿ ಎಂದು ನಾನು ತಿಳಿದುಕೊಂಡಿದ್ದೆ. ಹುಡುಗಿ ಎಲ್ಲಿ ಎಂದು ಸಮಿತಿಯ ಸದಸ್ಯರನ್ನು ಕೇಳಿದೆ. ಅವರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ನನ್ನ ಮುಖ ನೋಡಿದರು. ಕೊನೆಗೆ ನಾನು ಅಡುಗೆಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಶಾಂತಾಬಾಯಿ ಅಕ್ಕಿ ಆರಿಸುತ್ತಿದ್ದಳು.

"ಭಾಗ್ಯಾ ಚೌಡಾಪುರ ಕಡಿ ಅವ್ರ ಸೋದರಮಾವನ ಹೊಲ್ದಾಗ ಅದಾಳ್ರಿ. ಹತ್ತಿ ಬಿಡಸಾಕತ್ತಾಳ," ಎಂದಳು.

ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ನಾಚಿಕೆಗೇಡಿ ನಾನಾಗಿರುವೆ ಎಂದು ಅಂದುಕೊಂಡಿರಲಿಲ್ಲ. ಆದರೆ ಕೇಳಿದೆ.

"ಅದು ನನ್ನ ವ್ಯಾಪ್ತಿಗಿ ಬರಂಗಿಲ್ಲ ಅಂತ ನೀವೇ ಓದಿ ಹೇಳಿದ್ರಲ್ರಿ. ಆದ್ರೂ ತಡೀಲಿಲ್ಲ, ಹೋದ ವಾರ ಆಫೀಸಿಗಿ ಬಂದಿದ್ದೆ. ಸಭಾ ನಡದದ, ಆಮ್ಯಾಲ ಬಾ ಅಂದ್ರಿ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಅವಳು ಮೊರ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡಿದ್ದಳು. ಟಂಟಂ ಒಂಬತ್ತು ಮಕ್ಕಳೊಂದಿಗೆ ಮುಂದೆ ಹೋಗಲಿ, ಹುಡುಗಿಯನ್ನು ತಾನು ಅಲ್ಲಿಗೇ ತರುತ್ತೇನೆ ಎಂದಳು. ಮೌಲಾಸಾಬ ಸರ್ ಬೈಕ್ ಚಾಲು ಮಾಡಿದರು. ಅವಳು ಹಿಂದೆ ಕುಳಿತಳು. ಹೊರಡುವ ಮುನ್ನ ಅವರು ನನ್ನ ಕಡೆ ತಿರುಗಿ, "ಚಲನವಲನ ವಹಿಯಾಗ ಬರದು ಹೋಗ್ಬೇಕೇನ್ರಿ ಸರ?" ಎಂದು ಕೇಳಿದರು. ಆಗಲೂ ಅವರು ನಗುತ್ತಿರಲಿಲ್ಲ.

ಉಳಿದದ್ದು ನಾನು ಮತ್ತು ನೂರಾ ಮೂವತ್ತು ಮಕ್ಕಳ ಊಟ. ಇನ್ನೊಬ್ಬ ಅಡುಗೆಯಾಕೆ ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದಳು. ಉಳಿದ ಮೂವರು ಶಿಕ್ಷಕರು ಏಳು ತರಗತಿಗಳನ್ನು ಹಿಡಿದು ನಿಂತಿದ್ದರು. ಒಂದು ಮಗುವಿಗೆ ಎಷ್ಟು ಗ್ರಾಂ ಅಕ್ಕಿ, ಎಷ್ಟು ಗ್ರಾಂ ಬೇಳೆ ಎಂದು ಗೋಡೆಯ ಮೇಲೆ ನಾನೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ನೀರೆಷ್ಟು ಎಂದು ಯಾವ ಗೋಡೆಯಲ್ಲೂ ಇರಲಿಲ್ಲ. ಮಕ್ಕಳು ಅಡುಗೆಕೋಣೆಯೊಳಗೆ ಬರಬಾರದೆಂಬ ಆದೇಶವೂ ನನ್ನದೇ ಆದ್ದರಿಂದ, ಏಳನೆಯ ತರಗತಿಯ ಹುಡುಗಿಯರು ಕಿಟಕಿಯ ಹೊರಗೆ ನಿಂತು, ಸರ ಬ್ಯಾಳಿ ತೊಳೀರಿ, ಸರ ಬೆಂಕಿ ಸಣ್ಣ ಮಾಡ್ರಿ, ಸರ ಸೌಟು ಕೆಳಗತನ ಹಾಕಿ ತಿರುವ್ರಿ ಎಂದು ಒಂದರ ಹಿಂದೊಂದು ಸೂಚನೆ ಕೊಟ್ಟರು. ನಾನು ಕೊಟ್ಟ ಯಾವ ಸುತ್ತೋಲೆಯೂ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದರೂ ಅನ್ನ ತಳ ಹಿಡಿಯಿತು, ಮೇಲೆ ಗಂಜಿಯಾಯಿತು, ನಡುವೆ ಮಾತ್ರ ಸ್ವಲ್ಪ ಅನ್ನವೆನಿಸಿಕೊಂಡಿತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಮಕ್ಕಳು ಒಳ್ಳೆಯವರು, ದೂರು ಹೇಳಲಿಲ್ಲ. ಒಂದನೆಯ ತರಗತಿಯ ಒಂದು ಪುಟ್ಟ ಹುಡುಗಿ ಎರಡು ತುತ್ತು ತಿಂದು, ಶಾಂತಾಯಿ ನಾಳೆ ಬರುತ್ತಾಳೋ ಇಲ್ಲವೋ ಎಂದಷ್ಟೇ ವಿಚಾರಿಸಿದಳು.

ನನ್ನ ಕಣ್ಣು ಗಡಿಯಾರದ ಮೇಲೆ. ಒಂದೂವರೆ ಆಯಿತು, ಫೋನಿಲ್ಲ. ಒಂದೂಮುಕ್ಕಾಲಾಯಿತು. ಸೌಟು ಹಿಡಿದುಕೊಂಡೇ ವರಾಂಡದಲ್ಲಿ ಅಡ್ಡಾಡಿದೆ. ಹನ್ನೊಂದು ಸಹಿಗಳಲ್ಲಿ ಒಂದನ್ನು ಹಾಕುವಾಗಲಾದರೂ ತಲೆ ಎತ್ತಿ ತರಗತಿಯ ಕಡೆ ನೋಡಿದ್ದರೆ ಎಂದು ಮೊದಲ ಬಾರಿಗೆ ಅನಿಸಿತು. ಎರಡಕ್ಕೆ ಐದು ನಿಮಿಷವಿದ್ದಾಗ ಸಾವಿತ್ರಿ ಟೀಚರ್ ಫೋನ್ ಬಂತು. ಭಾಗ್ಯಶ್ರೀ ಒಳಗೆ ಹೋಗಿ ಕುಳಿತಿದ್ದಾಳೆ, ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿವೆ, ಪೆನ್ನು ಮೌಲಾಸಾಬ ಸರ್ ಅವರದು ಎಂದರು. ಸೋದರಮಾವ ಕಳಿಸಲು ಒಪ್ಪಿರಲಿಲ್ಲವಂತೆ. ಶಾಂತಾಬಾಯಿ ಹೆಚ್ಚು ಮಾತಾಡದೆ, ತಾನೇ ಸಾಲಿನಲ್ಲಿ ಇಳಿದು ಹತ್ತಿ ಬಿಡಿಸಲು ಶುರು ಮಾಡಿ, ಹುಡುಗಿಯ ಪಾಲು ಇವತ್ತು ನಾನು ಬಿಡಿಸುತ್ತೇನೆ, ಅವಳನ್ನು ಸರ್ ಜೊತೆ ಕಳಿಸು ಎಂದಳಂತೆ. ಹುಡುಗಿ ಬೈಕ್ ಏರಿದಳು, ಶಾಂತಾಬಾಯಿ ಸಂಜೆಯ ತನಕ ಹೊಲದಲ್ಲೇ ಉಳಿದಳು.

ಆ ಸಂಜೆ ನಾನು ಅವಳ ಕಾರ್ಯವ್ಯಾಪ್ತಿಯ ಕಾಗದವನ್ನು ಕಡತದಿಂದ ಹೊರಗೆ ತೆಗೆದೆ ಎಂದು ಹೇಳಿಕೊಳ್ಳಲು ನನಗೂ ಆಸೆ. ತೆಗೆಯಲಿಲ್ಲ. ತಿದ್ದುಪಡಿ ಆದೇಶ ಹೊರಡಿಸಿದೆ. ಅಡುಗೆ ಸಿಬ್ಬಂದಿಯವರು ಓಣಿ ಸುತ್ತಿ ಬರಬಹುದು ಎಂದು ಅನುಮತಿ ಕೊಟ್ಟೆ. ಅವಳು ಮರುದಿನ ಬೆಳಿಗ್ಗೆಯೇ ಓಣಿ ಸುತ್ತಿ ಬಂದಿದ್ದಳು. ಆದೇಶ ಅವಳ ಕೈಸೇರಿದ್ದು ಮಧ್ಯಾಹ್ನ. ಮೇಲಿನವರು ವರದಿ ಕೇಳಿದಾಗ, ಮುಖ್ಯಗುರುಗಳ ಸಕಾಲಿಕ ಕ್ರಮದಿಂದ ಹತ್ತೂ ಮಕ್ಕಳು ಪರೀಕ್ಷೆ ಬರೆದರು ಎಂದು ಬರೆದು ಕಳಿಸಿದೆ. ಅದರಲ್ಲಿ ಸುಳ್ಳೇನಿದೆ ಎಂದು ನೀವು ಕೇಳಿದರೆ, ಅನ್ನ ತಳ ಹಿಡಿಸಿದ್ದು ನಾನೇ ಎಂಬುದಂತೂ ನಿಜ.

ಬೇಸಿಗೆಯ ಹೊತ್ತಿಗೆ ಫಲಿತಾಂಶ ಬಂತು. ಭಾಗ್ಯಶ್ರೀಗೆ ಸೀಟು ಸಿಕ್ಕಿತು. ಎರಡು ದಿನ ಬಿಟ್ಟು ಅವಳ ತಾಯಿ ಬುತ್ತಿಗಂಟು ಹಿಡಿದು ಶಾಲೆಗೆ ಬಂದಳು. ನಾನು ಅಂಗಿ ಸರಿಮಾಡಿಕೊಂಡು, ವರಾಂಡದ ಮೆಟ್ಟಿಲ ತನಕ ಎದುರು ಹೋಗಿ, ಇದೆಲ್ಲ ನಮ್ಮ ಕರ್ತವ್ಯ ಎಂಬ ಮಾತನ್ನು ಬಾಯಲ್ಲಿ ಸಿದ್ಧವಿಟ್ಟುಕೊಂಡು ನಿಂತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಯಾರು ಎಂದು ಕೇಳಿದಳು. ಹೆಡ್ ಮಾಸ್ತರ ಎಂದೆ.

"ಹೌದೇನ್ರಿ," ಎಂದು ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಶಾಂತಾಬಾಯಿ ಎಲ್ಲಿ ಅದಾಳ್ರಿ?"

ನಾನು ಕೈ ಚಾಚಿ ಅಡುಗೆಕೋಣೆಯ ಕಡೆ ತೋರಿಸಿದೆ. ಆಕೆ ನೇರವಾಗಿ ಅತ್ತ ನಡೆದಳು. ಆ ವರ್ಷ ನಾನು ಕೊಟ್ಟ ನಿರ್ದೇಶನಗಳಲ್ಲಿ ಒಂದಿಷ್ಟೂ ತಪ್ಪಿಲ್ಲದೆ ಪಾಲನೆಯಾದದ್ದು ಅದೊಂದೇ.